ಬೇನೆ ತಿಂದವರ ಚರಿತ್ರೆ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಲೆಯ ದಾಖಲಾತಿ ಪುಸ್ತಕ ಬರೆದ ಕೈ ನಮ್ಮದು. ಕೊಹೀರ್ ಸೀಮೆಯ ಹಳ್ಳಿಗಳಿಂದ ಮಗುವನ್ನು ಕರೆತಂದ ತಂದೆಯನ್ನು ಜನ್ಮದಿನಾಂಕ ಕೇಳಿದರೆ ಆತ ಆಕಾಶ ನೋಡುತ್ತಿದ್ದನು. ನಾವು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ, ಬೆರಳು ಎಡಗಿವಿಯನ್ನು ಮುಟ್ಟಿದರೆ ಐದು ವರ್ಷ ತುಂಬಿತೆಂದು ತಿಳಿದು, ಜೂನ್ 1 ಎಂದು ಬರೆದುಬಿಡುತ್ತಿದ್ದೆವು. ಹೀಗೆ ನಮ್ಮ ಭಾಗದ ಅರ್ಧ ಜನ ಜೂನ್ ಒಂದರಂದು ಹುಟ್ಟಿದವರಾದರು. ತಾಯಿ ಜೊತೆಗೆ ಬಂದಿದ್ದರೆ ಮಾತ್ರ ಲೆಕ್ಕ ಬೇರೆ. "ಪಂಚಮಿ ಆಗಿ ನಾಕ್ ದಿನಕ್ಕ್ರೀ ಸರ್. ಎರಡು ರಾತ್ರಿ ಬ್ಯಾನಿ ತಿಂದೆ. ಮೂರನೇ ದಿನ ಕೋಳಿ ಕೂಗೋ ಹೊತ್ತಿಗೆ ಹುಟ್ಟ್ಯಾನ" ಎಂದು ಆಕೆ ಬಾಗಿಲ ಹಿಂದಿನಿಂದ ಹೇಳುತ್ತಿದ್ದಳು. ಪುಸ್ತಕದಲ್ಲಿ ಅದಕ್ಕೆ ಕಲಮು ಇರಲಿಲ್ಲ. ನಾವು ಬರೆಯಲಿಲ್ಲ.

ಆ ಬರೆಯದೆ ಬಿಟ್ಟ ಎರಡು ರಾತ್ರಿಗಳ ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಕೆಲವು ಮಾತು ಬರೆಯಲು ಹೊರಟಿದ್ದೇವೆ. ನಮ್ಮ ಸೀಮೆಯ ಇತಿಹಾಸವೆಂದರೆ ಬಹಮನಿ ಸುಲ್ತಾನರು, ನಿಜಾಮರು, 1948ರ ಪೊಲೀಸ್ ಕಾರ್ಯಾಚರಣೆ, 1956ರ ರಾಜ್ಯ ವಿಂಗಡಣೆ ಎಂದೇ ನಾವು ಮಕ್ಕಳಿಗೆ ಬೋಧಿಸಿದೆವು. ಆ ಎಲ್ಲ ಕಾಲದಲ್ಲಿಯೂ ಮನೆಯ ಒಳಕೋಣೆಯಲ್ಲಿ ಹೆಣ್ಣುಮಗಳೊಬ್ಬಳು ನೋವನ್ನು ಹೇಗೆ ತಾಳಿಕೊಂಡಳು, ಯಾರ ಮಾತಿನ ಬಲದಿಂದ ಮಗುವನ್ನು ಹೊರಗೆ ನೂಕಿದಳು ಎಂಬುದೂ ಇತಿಹಾಸವೇ. ಗಂಡಸರಾದ ನಾವು ಜಗುಲಿಯಲ್ಲಿ ಕುಳಿತವರು. ಒಳಗಿನದನ್ನು ಕಿವಿಯಿಂದ ಅರಿತವರು. ಆ ಮಿತಿಯನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ನಮ್ಮ ಬೀದರ್ ಕಡೆಯ ಮಾತಿನಲ್ಲಿ ಹೆರಿಗೆಯ ನೋವನ್ನು ಹೆಂಗಸು 'ತಿನ್ನುತ್ತಾಳೆ'. ತಲೆನೋವು ಬರುತ್ತದೆ, ಹೊಟ್ಟೆನೋವು ಆಗುತ್ತದೆ. ಹೆರಿಗೆಯ ಬ್ಯಾನಿಯನ್ನು ಮಾತ್ರ ತಿನ್ನಬೇಕು. ತುತ್ತುತುತ್ತಾಗಿ, ನಡುವೆ ಉಸಿರಾಡಲು ಬಿಡುವು ತೆಗೆದುಕೊಂಡು ತಿನ್ನುವುದು. ಈ ನೋವು ಅಲೆಯಾಗಿ ಏರಿ ಇಳಿಯುತ್ತದೆ, ಎರಡು ಅಲೆಗಳ ನಡುವೆ ವಿಶ್ರಾಂತಿ ಇರುತ್ತದೆ ಎಂಬ ವೈದ್ಯಶಾಸ್ತ್ರದ ಸತ್ಯವು ಈ ಒಂದು ಕ್ರಿಯಾಪದದಲ್ಲಿ ಅಡಗಿದೆಯೆಂದು ನಮಗೆ ಅನ್ನಿಸಿದೆ. ತನ್ನ ಅನುಭವ ಅನ್ಯರಿಗೆ ಅರಿವಾಗದೆಂದು ಹೇಳಹೊರಟ ಅಕ್ಕಮಹಾದೇವಿಯೂ ಹೆರಿಗೆಯ ಬೇನೆಯನ್ನೇ ಉಪಮೆಯಾಗಿ ಎತ್ತಿಕೊಂಡಳು. ಸೂಲು ಎಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ಪುಸ್ತಕದ ಕನ್ನಡದಲ್ಲಿ ಆಕೆ ಸೂಲಗಿತ್ತಿಯಾದರೆ ನಿಜಾಮರ ಆಳಿಕೆಯ ಉರ್ದುವಿನ ಬಳಕೆಯಿಂದ ನಮ್ಮ ಓಣಿಗಳಲ್ಲಿ ಆಕೆ 'ದಾಯಿ'. ಹಿಂದೂ ಮನೆಯಲ್ಲಿಯೂ ದಾಯಿ, ಮುಸಲ್ಮಾನರ ಮನೆಯಲ್ಲಿಯೂ ದಾಯಿ. ಅನೇಕ ವೇಳೆ ಎರಡೂ ಮನೆಗೆ ಒಬ್ಬಳೇ. ದಾಯಿ ಹೆಚ್ಚಾಗಿ ಕೆಳಗಿನವರೆನಿಸಿಕೊಂಡ ಜಾತಿಗಳವಳು. ಮಗು ಹೊರಬರುವವರೆಗೆ ಆಕೆಯ ಕೈ ಬೇಕು. ಹನ್ನೆರಡನೆಯ ದಿನ ಕಳೆದ ಮೇಲೆ ಅದೇ ಕೈಗೆ ನೀರನ್ನು ಎತ್ತಿ ಹೊಯ್ಯುತ್ತಿದ್ದೆವು. ಇದನ್ನು ಮುಚ್ಚಿಟ್ಟು ಚರಿತ್ರೆ ಬರೆಯುವುದು ಸಲ್ಲದು.

ನಮಗೆ ಎಂಟು ವರ್ಷವಿದ್ದಾಗ ದೊಡ್ಡಕ್ಕ ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದಿದ್ದಳು. ಮಳೆಗಾಲ. ನಮ್ಮ ಓಣಿಯ ಹಳೆಯ ದಾಯಿ ಬೇರೆ ಊರಿಗೆ ಹೋಗಿದ್ದಳು. ಹಳ್ಳ ತುಂಬಿ ಹರಿದು ಅವಳಿಗೆ ಮರಳಲಾಗಲಿಲ್ಲ. ನೆರೆಯ ಹೆಂಗಸರೇ ಸೇರಿದರು. ಬೇನೆ ಶುರುವಾದ ಮೊದಲ ರಾತ್ರಿಯಿಂದಲೇ "ಜೋರ್ ಮಾಡು, ಜೋರ್ ಮಾಡು" ಎಂಬ ಕೂಗು ನಮಗೆ ಜಗುಲಿಯವರೆಗೆ ಕೇಳಿಸುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅಕ್ಕನ ದನಿಯೇ ಅಡಗಿತು. ಕಡೆಗೆ ಯಾರೋ ಮೇಲಿನಿಂದ ಹೊಟ್ಟೆಯನ್ನು ಒತ್ತಿದರಂತೆ. ಕೂಸು ಅಳಲಿಲ್ಲ. ಅಕ್ಕ ಉಳಿದಳು, ಎದ್ದು ಓಡಾಡಲು ಮೂರು ತಿಂಗಳು ಬೇಕಾಯಿತು.

ಎರಡು ವರ್ಷಗಳ ನಂತರ ಆಕೆಯ ಎರಡನೆಯ ಸೂಲಿಗೆ ಹಳೆಯ ದಾಯಿ ಊರಲ್ಲಿದ್ದಳು. ಬಂದವಳು ಮೊದಲು ಮಾಡಿದ ಕೆಲಸ ಕೋಣೆಯಲ್ಲಿದ್ದ ಏಳೆಂಟು ಹೆಂಗಸರಲ್ಲಿ ಇಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಹೊರಗೆ ಕಳುಹಿಸಿದ್ದು. ಅಕ್ಕನ ಜಡೆ ಬಿಚ್ಚಿಸಿದಳು. ಮನೆಯ ಪೆಟ್ಟಿಗೆಗಳ ಕೀಲಿ ತೆಗೆಸಿದಳು. ಗಂಟುಗಳೆಲ್ಲ ಸಡಿಲಾದರೆ ಒಳಗಿನ ಗಂಟೂ ಸಡಿಲಾಗುತ್ತದೆಂಬ ನಂಬಿಕೆ. ನೆರೆಯ ಮುಸಲ್ಮಾನರ ಮನೆಯಿಂದ ಮರಿಯಂ ಕಾ ಪಂಜಾ ಎಂಬ ಒಣಗಿದ ಗಿಡವೊಂದನ್ನು ತರಿಸಿ ತಂಬಿಗೆಯ ನೀರಿನಲ್ಲಿಟ್ಟರು. ಮುದುಡಿದ ಮುಷ್ಟಿಯಂತಿದ್ದ ಆ ಗಿಡ ನೀರು ಹೀರಿ ತಾಸುಗಟ್ಟಲೆ ಮೆಲ್ಲಗೆ ಅರಳುತ್ತದೆ. ಅದನ್ನು ನೋಡುತ್ತ ಕುಳಿತುಕೊಳ್ಳಲು ಅಕ್ಕನಿಗೆ ಹೇಳಿದಳಂತೆ. ಗಿಡಕ್ಕೆ ಮಹಿಮೆ ಇತ್ತೋ ಇಲ್ಲವೋ, ಅವಸರ ಪಡದೆ ಅರಳುವ ವಸ್ತುವೊಂದು ಕಣ್ಣ ಮುಂದೆ ಇತ್ತು. ಬೇನೆ ಏರಿದಾಗ ದಾಯಿ ನಡುವಿಗೆ ಎಣ್ಣೆ ಹಚ್ಚಿ ಅಂಗೈಯಿಂದ ಒತ್ತಿ ತಿಕ್ಕುತ್ತಿದ್ದಳು. ಇಳಿದಾಗ ಅಕ್ಕನ ತೋಳು ಹಿಡಿದು ಪಡಸಾಲೆಯಲ್ಲಿ ಅಡ್ಡಾಡಿಸುತ್ತಿದ್ದಳು. ಬೆನ್ನ ಮೇಲೆ ಬಿಸಿನೀರು ಹೊಯ್ಯುತ್ತಿದ್ದಳು. ರಾತ್ರಿಯಿಡೀ ನಮ್ಮ ಕಿವಿಗೆ ಬಿದ್ದ ಮಾತು ಒಂದೇ: "ಇನ್ನಾ ಜೋರ್ ಮಾಡಬ್ಯಾಡ ಮಗಳಾ. ತಡಿ. ತಾನೇ ಬರ್ತದ."

ಬೆಳಗಿನ ಜಾವ ಮಾತು ಬದಲಾಯಿತು. ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿ, ಕುಕ್ಕರುಗಾಲಿನಲ್ಲಿ ಕೂರಿಸಿ, ಹಿಂದೆ ನಮ್ಮ ಆಯಿಯನ್ನು ಕೂರಿಸಿ ಕಂಕುಳಲ್ಲಿ ಕೈಕೊಟ್ಟು ಹಿಡಿಸಿದಳಂತೆ. ಕೆಲವೇ ಸಲ ತಿಣುಕಿದ ಸದ್ದು, ಬಳಿಕ ಕೂಸಿನ ಅಳು. ಜಗುಲಿಯಲ್ಲಿದ್ದ ಮುತ್ಯಾ ಕೂಸು ಅತ್ತುದನ್ನು ಕೇಳಿ ತಾನೂ ಅತ್ತುಬಿಟ್ಟರು.

ಎರಡು ಹೆರಿಗೆಗಳ ನಡುವಿನ ಭೇದವೇನೆಂಬುದು ನಮಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಗರ್ಭಕೋಶದ ಬಾಯಿ ಪೂರ್ಣವಾಗಿ, ಅಂದರೆ ಸುಮಾರು 10 ಸೆಂಟಿಮೀಟರು ತೆರೆಯುವವರೆಗೆ ಬರುವ ಬೇನೆ ತೆರೆಯುವ ಬೇನೆ. ಆಗ ನೂಕಿದರೆ ಪ್ರಯೋಜನವಿಲ್ಲ. ತಾಯಿಯ ಬಲ ವ್ಯರ್ಥವಾಗುತ್ತದೆ, ತೆರೆಯದ ಬಾಯಿ ಊದಿಕೊಳ್ಳುವ, ಹರಿಯುವ ಭಯವೂ ಉಂಟು. ಪೂರ್ಣ ತೆರೆದು ಮಗುವಿನ ತಲೆ ಕೆಳಗಿಳಿದು ಒತ್ತಿದಾಗ ದೇಹವೇ ತಡೆಯಲಾರದೆ ನೂಕತೊಡಗುತ್ತದೆ. ಆ ಹೊತ್ತನ್ನು ಗುರುತಿಸುವುದೇ ಸೂಲಗಿತ್ತಿಯ ವಿದ್ಯೆ. ನಮ್ಮ ಅಕ್ಕನ ಮೊದಲ ಹೆರಿಗೆಯಲ್ಲಿ ಒಂದು ರಾತ್ರಿ, ಅರ್ಧ ಹಗಲು ಅವಳನ್ನು ಹೊತ್ತಲ್ಲದ ಹೊತ್ತಿನಲ್ಲಿ ತಿಣುಕಿಸಿದರು. ಪ್ರೀತಿಯಿಂದಲೇ ಮಾಡಿದರು; ತಿಳಿಯದೆ ಮಾಡಿದರು.

ಈ ತಿಳಿವಳಿಕೆ ಹೊಸದೇನಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಬೇನೆ ಬಾರದೆ ನೂಕಬಾರದೆಂದು, ಹಾಗೆ ನೂಕಿದವಳ ಶ್ರಮ ವ್ಯರ್ಥವೆಂದು, ಮೊದಲು ಮೆಲ್ಲಗೆ ಆಮೇಲೆ ಬಲವಾಗಿ ನೂಕಬೇಕೆಂದು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಒಂದು ಚರ್ಚೆಯೂ ಬರುತ್ತದೆ. ಬೇನೆ ತಿನ್ನುವವಳ ಕೈಗೆ ಒನಕೆ ಕೊಟ್ಟು ಧಾನ್ಯ ಕುಟ್ಟಿಸಬೇಕೆಂದು ಕೆಲವರ ಮತ. ಕೂಡದು, ಆ ಹೊತ್ತಿನಲ್ಲಿ ಘೋರ ಶ್ರಮ ಪ್ರಾಣಕ್ಕೆ ಅಪಾಯ, ಅಡ್ಡಾಡಿಸಿದರೆ ಸಾಕೆಂದು ಆತ್ರೇಯನ ತೀರ್ಪು. ನಮ್ಮ ಹಳ್ಳಿಗಳಲ್ಲಿ ಅತ್ತೆಯಂದಿರು ತುಂಬು ಬಸುರಿಯನ್ನು ಬೀಸುಕಲ್ಲಿನ ಮುಂದೆ ಕೂರಿಸುತ್ತಿದ್ದುದೂ, ದಾಯಿ ಬಂದು ಎಬ್ಬಿಸಿ ಅಡ್ಡಾಡಿಸುತ್ತಿದ್ದುದೂ ಅದೇ ಚರ್ಚೆಯ ಮುಂದುವರಿಕೆಯಂತೆ ಕಾಣುತ್ತದೆ. ಚರಕನನ್ನು ಓದಿದ ದಾಯಿ ಇರಲಿಲ್ಲ. ಆಕೆಗೆ ಅಕ್ಷರವೇ ಬರುತ್ತಿರಲಿಲ್ಲ. ಕಲ್ಯಾಣದ ಚಾಲುಕ್ಯ ವಂಶದ ಕೀರ್ತಿವರ್ಮ ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ಗೋವೈದ್ಯ ಬರೆದನು. ಹೆಣ್ಣಿನ ಹೆರಿಗೆಯ ವಿದ್ಯೆಯಾದರೋ ಬಹುಪಾಲು ಓಲೆಗರಿ ಹತ್ತದೆ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬಂದಿತು.

ಬರೆಯದಿದ್ದರೂ ಕಲ್ಲಿನಲ್ಲಿ ಕೊರೆದದ್ದು ಉಂಟು. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ, ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪ ಏಳನೆಯ ಶತಮಾನದ್ದು. ತಲೆಯ ಜಾಗದಲ್ಲಿ ಕಮಲ, ಮೊಣಕಾಲು ಮಡಚಿ ಅಗಲಿಸಿದ ಭಂಗಿ. ಇಂಥದೇ ಇನ್ನೊಂದು ಆಲಂಪುರದಲ್ಲಿದೆ. ಆಲಂಪುರ 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಬೀದರ್ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡದಂತೆ, ಗುಲಬರ್ಗಾ ಜಿಲ್ಲೆಯ ತಾಂಡೂರಿನಂತೆ ಅದೂ ಅಂದು ಗಡಿಯ ಆಚೆಗೆ ಸರಿಯಿತು. ಲಜ್ಜಾಗೌರಿಯನ್ನು ಸಂತಾನದೇವತೆ ಎನ್ನುವವರಿದ್ದಾರೆ, ಭೂದೇವಿ ಎನ್ನುವವರಿದ್ದಾರೆ. ಪಂಡಿತರ ಜಗಳದಲ್ಲಿ ನಾವು ತಲೆಹಾಕುವುದಿಲ್ಲ. ಐಹೊಳೆಯ ಹತ್ತಿರದ ಸಿದ್ದನಕೊಳ್ಳದಲ್ಲಿ ಮಕ್ಕಳಾಗದ ಹೆಂಗಸರು ಇಂದಿಗೂ ಅವಳಿಗೆ ಎಣ್ಣೆ ಹಚ್ಚುತ್ತಾರೆ. ಮಂಚದ ಮೇಲೆ ಅಂಗಾತ ಮಲಗಿ ಹೆರುವುದು ಈ ನೆಲದ ಪದ್ಧತಿಯಾಗಿರಲಿಲ್ಲ ಎಂಬುದಂತೂ ಹಗ್ಗ ಹಿಡಿದು ಕುಕ್ಕರುಗಾಲಿನಲ್ಲಿ ಕೂತ ನಮ್ಮ ಮನೆಗಳ ಹೆಂಗಸರಿಂದಲೇ ತಿಳಿಯುತ್ತದೆ. ಕುಳಿತಾಗ ಮಗುವಿನ ಭಾರವೇ ಮಗುವನ್ನು ಇಳಿಸಲು ನೆರವಾಗುತ್ತದೆ.

ಇತ್ತ ದಾಯಿಯ ಕೈಯೊಂದೇ ಆಸರೆಯಾಗಿದ್ದ ಕಾಲದಲ್ಲಿಯೇ ನಮ್ಮ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ನೋವಿನ ಚರಿತ್ರೆಯ ಬೇರೊಂದು ಅಧ್ಯಾಯ ನಡೆಯುತ್ತಿತ್ತು. ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಯ ನೋವಿಗೆ ಕ್ಲೋರೋಫಾರ್ಮನ್ನು ಬಳಸಿದನು. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗುವಿನ ಹೆರಿಗೆಯಲ್ಲಿ ಡಾಕ್ಟರ್ ಜಾನ್ ಸ್ನೋ ಕೈಯಿಂದ ಅದನ್ನು ಪಡೆದ ಮೇಲೆ ನೋವು ದೇವರ ವಿಧಿಯೆಂದು ಆಕ್ಷೇಪಿಸುತ್ತಿದ್ದವರ ಬಾಯಿಗೆ ಬೀಗ ಬಿದ್ದಿತು. ಆದರೆ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಹಠಾತ್ತನೆ ಸಾಯುತ್ತಿದ್ದರು. ಮೊದಲು ಉಸಿರು ನಿಲ್ಲುವುದೋ, ಹೃದಯ ನಿಲ್ಲುವುದೋ ಎಂಬ ವಿವಾದವೆದ್ದಿತು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಹಾಗೂ ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ ಆರನೆಯ ನಿಜಾಮ ಮಹಬೂಬ್ ಅಲೀ ಖಾನರ ಹಣದಿಂದ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರ್ಮ್ ಆಯೋಗವನ್ನು ನಡೆಸಿದನು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದನು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರನ್ನು ಕಾಯಿರಿ, ಹೃದಯಕ್ಕೆ ಅಪಾಯವಿಲ್ಲ ಎಂದು ಸಾರಿದರು. ಮುಂದಿನ ಶತಮಾನದ ಸಂಶೋಧನೆ ಹೃದಯಕ್ಕೂ ಅಪಾಯವುಂಟೆಂದು ತೋರಿಸಿತು. ತೀರ್ಮಾನ ಅಪೂರ್ಣವಾದರೂ, ರೋಗಿಯ ಉಸಿರಿನ ಮೇಲೆ ಕಣ್ಣಿಡಬೇಕೆಂಬ ಪಾಠ ಉಳಿಯಿತು.

ಲಾರಿಯ ಶಿಷ್ಯವರ್ಗದಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಹೆಣ್ಣುಮಗಳಿದ್ದಳು. ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುವ ಕೆಲಸದಲ್ಲಿ ದಶಕಗಟ್ಟಲೆ ನುರಿತ ಆಕೆಯನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ವೈದ್ಯ ಇತಿಹಾಸಕಾರರು ಗುರುತಿಸುತ್ತಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಹೆಸರನ್ನು ನಾವು ಒಮ್ಮೆಯೂ ಬೋಧಿಸಲಿಲ್ಲ, ನಮಗೇ ತಿಳಿದಿರಲಿಲ್ಲ. ಕೊಹೀರಿನಿಂದ ಹೈದರಾಬಾದಿಗೆ ನೂರು ಕಿಲೋಮೀಟರಿನ ಆಸುಪಾಸು. ರಾಜಧಾನಿಯಲ್ಲಿ ನೋವನ್ನು ಮರೆಸುವ ಔಷಧಿಯ ಮೇಲೆ ಲೋಕವೇ ತಿರುಗಿ ನೋಡುವ ಪ್ರಯೋಗ ನಡೆದಿದ್ದಾಗ, ನೂರು ಕಿಲೋಮೀಟರಿನ ಈಚೆಗೆ ಅದರ ಒಂದು ತೊಟ್ಟೂ ಬಂದಿರಲಿಲ್ಲ. ಬಂದದ್ದು ಬಹಳ ತಡವಾಗಿ. ಬೀದರಿನ ಮೆಥಡಿಸ್ಟ್ ಮಿಷನ್ನಿನವರ ಆಸ್ಪತ್ರೆಗೆ ಎತ್ತಿನ ಬಂಡಿಯಲ್ಲಿ ಹಾಕಿಕೊಂಡು ಹೋದವರ ಕಥೆಗಳನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ; ದಾರಿಯಲ್ಲಿಯೇ ಬಂಡಿ ಹಿಂದಿರುಗಿದ ಕಥೆಗಳೂ ಅವುಗಳಲ್ಲಿದ್ದವು.

ಆದಕಾರಣ ದಾಯಿಯ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವವರ ಸಾಲಿಗೆ ನಮ್ಮನ್ನು ಸೇರಿಸಬಾರದು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಗಾಯಕ್ಕೆ ಸಗಣಿಯ ಬೂದಿ ಒತ್ತಿದ್ದರಿಂದ ಧನುರ್ವಾಯು ತಗುಲಿ ಐದಾರು ದಿನದಲ್ಲಿ ಸತ್ತ ಕೂಸುಗಳಿಗೆ ಲೆಕ್ಕವಿಲ್ಲ. ಐದನೆಯ ದಿನ ಸಟವಿ ಹಣೆಬರಹ ಬರೆಯುತ್ತಾಳೆಂದು ನಂಬಿದ್ದ ನಮ್ಮವರು ಅದನ್ನೂ ಅವಳ ಬರಹವೆಂದೇ ತಿಳಿದರು. ತಾಯಿಗೂ ಶಿಶುವಿಗೂ ತಗುಲುವ ಈ ರೋಗವನ್ನು ಭಾರತ ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2015ರಲ್ಲಿ. ರಕ್ತಸ್ರಾವ ಹೆಚ್ಚಾದರೆ, ಮಗು ಅಡ್ಡ ನಿಂತರೆ ಅತ್ಯಂತ ಜಾಣ ದಾಯಿಯೂ ದೇವರ ಮೇಲೆ ಭಾರ ಹಾಕುತ್ತಿದ್ದಳು. ಇಂದು ಆ ಭಾರವನ್ನು ಆಸ್ಪತ್ರೆ ಹೊರುತ್ತದೆ. 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಇಡೀ ದೇಶದಲ್ಲಿ 97, ಕರ್ನಾಟಕದಲ್ಲಿ 69, ತೆಲಂಗಾಣದಲ್ಲಿ 43. ಈ 43ರ ಹಿಂದೆ ಎಷ್ಟು ನರ್ಸುಗಳ, ಎಷ್ಟು ವೈದ್ಯರ ರಾತ್ರಿಗಳಿವೆಯೆಂಬುದನ್ನು ಮರೆಯಲಾಗದು.

ಆದರೂ ನೋವು ತಾಳುವ ವಿದ್ಯೆಯ ಮಾತು ಬಂದಾಗ ನಮ್ಮ ಮನಸ್ಸು ಸುಮ್ಮನಿರುವುದಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಸೊಸೆಯನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಭಾಲ್ಕಿಯ ಹುಡುಗಿ, ತೆಲುಗು ಆಗ ಅಷ್ಟಾಗಿ ಬರುತ್ತಿರಲಿಲ್ಲ. ನಮ್ಮ ಮನೆಯವರನ್ನು ಹೆರಿಗೆ ಕೋಣೆಯ ಒಳಗೆ ಬಿಡಲಿಲ್ಲ. ಮೇಜಿನ ಮೇಲೆ ಅಂಗಾತ ಮಲಗಿಸಿ ನರ್ಸಮ್ಮ "ಮುಕ್ಕು, ಮುಕ್ಕು" ಎಂದು ಗದರಿದಳಂತೆ. ತೆಲುಗಿನಲ್ಲಿ ಅದು ತಿಣುಕು ಎಂಬ ಮಾತು. ಮೂಗಿಗೂ ಅದೇ ಹೆಸರು. ನಾಲ್ಕಾರು ತೆಲುಗು ಶಬ್ದಗಳನ್ನಷ್ಟೇ ಕಲಿತಿದ್ದ ನಮ್ಮ ಸೊಸೆ ಆ ನೋವಿನಲ್ಲಿ ತನ್ನ ಮೂಗನ್ನು ಮುಟ್ಟಿಕೊಂಡಳು. ನರ್ಸಮ್ಮ ಇನ್ನಷ್ಟು ಗದರಿದಳು. ಈ ಪ್ರಸಂಗವನ್ನು ನಮ್ಮ ಮನೆಯಲ್ಲಿ ಈಗ ನಗುತ್ತ ಹೇಳುತ್ತಾರೆ. ಅಂದು ಆಕೆ ನಕ್ಕಿರಲಿಲ್ಲ. ಮಗು ಸುಖವಾಗಿ ಹುಟ್ಟಿತು, ತಾಯಿ ಸುಖವಾಗಿ ಮನೆಗೆ ಬಂದಳು. ಆದರೆ ತನ್ನ ಭಾಷೆಯಲ್ಲಿ "ತಡಿ ಮಗಳಾ" ಎನ್ನುವ ಒಬ್ಬರೂ ಅಲ್ಲಿರಲಿಲ್ಲವೆಂಬುದನ್ನು ಆಕೆ ಇನ್ನೂ ಮರೆತಿಲ್ಲ. ಗಡಿನಾಡಿನಲ್ಲಿ ಭಾಷೆ ಹೋಯಿತೆಂದು ನಾವು ಸಭೆಗಳಲ್ಲಿ ಶಾಲೆಯ, ನಾಮಫಲಕದ ಮಾತನ್ನೇ ಆಡುತ್ತೇವೆ. ಭಾಷೆ ಇಲ್ಲಿಯೂ ಬೇಕಾಗುತ್ತದೆ.

ಎರಡನೆಯ ಸಂಗತಿ, ಈಗ ಬೇನೆ ತಿನ್ನುವವರೇ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ ನೂರಕ್ಕೆ 60.7 ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗಿವೆ. ದೇಶದಲ್ಲಿ ಇದೇ ಅತ್ಯಧಿಕ. ಕರ್ನಾಟಕದಲ್ಲಿ 31.5, ದೇಶದ ಸರಾಸರಿ 21.5. ಶಸ್ತ್ರಚಿಕಿತ್ಸೆಯಿಂದ ಉಳಿದ ಜೀವಗಳನ್ನು ನಾವು ಬಲ್ಲೆವು. ನಮ್ಮ ಅಕ್ಕನ ಮೊದಲ ಕೂಸೂ ಹಾಗೆ ಉಳಿಯಬಹುದಾಗಿತ್ತು. ಆದರೆ ಐವರಲ್ಲಿ ಮೂವರಿಗೆ ಕತ್ತರಿ ಬೇಕೇ? ಮುಹೂರ್ತ ನೋಡಿಸಿ ಕೊಯ್ಯಿಸುವ ಕುಟುಂಬಗಳನ್ನು ಕಂಡಿದ್ದೇವೆ. ಅವಸರದ ಆಸ್ಪತ್ರೆಗಳೂ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ನೋವಿನ ಭಯವಿದೆ. ಜೊತೆಗೆ ಯಾರೂ ಇರುವುದಿಲ್ಲವೆಂದು ಮೊದಲೇ ತಿಳಿದ ಹುಡುಗಿ ಭಯಪಟ್ಟರೆ ಅದು ಅವಳ ದೌರ್ಬಲ್ಯವೆನ್ನಲು ನಮಗೆ ಬಾಯಿ ಬಾರದು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಆರೈಕೆ ಕುರಿತು 56 ಶಿಫಾರಸುಗಳನ್ನು ಪ್ರಕಟಿಸಿತು. ಅದನ್ನು ಓದಿದಾಗ ನಮಗೆ ಓಣಿಯ ಹಳೆಯ ದಾಯಿಯ ಮುಖ ಕಣ್ಣಿಗೆ ಕಟ್ಟಿತು. ಹೆರುವವಳು ಬಯಸಿದವರು ಜೊತೆಗಿರಲಿ; ಅಪಾಯವಿಲ್ಲದವಳು ಅಡ್ಡಾಡಲಿ, ತನಗೆ ಅನುಕೂಲವಾದ ಭಂಗಿಯಲ್ಲಿ ಹೆರಲಿ; ದೇಹ ನೂಕೆಂದಾಗ ನೂಕಲಿ; ಮೇಲಿನಿಂದ ಹೊಟ್ಟೆಯನ್ನು ಒತ್ತಬೇಡಿರಿ; ನಡು ತಿಕ್ಕುವುದು, ಬಿಸಿ ಕಾವು, ಉಸಿರಿನ ಅಭ್ಯಾಸ ಇವು ನೋವು ಇಳಿಸಲು ಸಹಾಯಕ; ಬಯಸಿದವಳಿಗೆ ಔಷಧಿಯಿಂದಲೂ ನೋವು ಇಳಿಸಿರಿ. ನೂಕುವ ಹಂತ ಚೊಚ್ಚಲಿನವಳಿಗೆ ಮೂರು ತಾಸಿನವರೆಗೆ ಹಿಡಿಯಬಹುದು, ಅವಸರ ಬೇಡವೆಂಬ ಮಾತೂ ಅದರಲ್ಲಿದೆ. ರೂಪಾಬಾಯಿಯ ವಿದ್ಯೆಯೂ ದಾಯಿಯ ವಿದ್ಯೆಯೂ ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಕುಳಿತಿದ್ದು ಅದರಲ್ಲಿಯೇ ಎಂದು ತೋರುತ್ತದೆ.

ಅದೇ 2018ರಲ್ಲಿ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಪಾವಗಡವೂ ನಮ್ಮಂತೆಯೇ ಗಡಿಸೀಮೆ. ಆಂಧ್ರದ ಒಳಗೆ ಚಾಚಿಕೊಂಡ ಕನ್ನಡದ ತುಂಡು. ಅಜ್ಜಿಯಿಂದ ವಿದ್ಯೆ ಕಲಿತು, ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಅವರ ಖ್ಯಾತಿ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ತೆಲಂಗಾಣ ಸರ್ಕಾರ ಕರೀಂನಗರದಲ್ಲಿ ನರ್ಸುಗಳಿಗೆ 18 ತಿಂಗಳ ಸೂಲಗಿತ್ತಿ ವಿದ್ಯೆಯ ತರಬೇತಿ ಆರಂಭಿಸಿತ್ತು. ನಮ್ಮ ಸೀಮೆಯ ಪ್ರತಿ ಆಸ್ಪತ್ರೆಗೂ ಹೀಗೆ ಕಲಿತವರು ಬರಲಿ. ಅವರಲ್ಲಿ ಕೆಲವರಿಗಾದರೂ ಕನ್ನಡ ಬರಲಿ ಎಂಬ ಕೋರಿಕೆಯನ್ನು ಈ ಸಮ್ಮೇಳನದ ನಿರ್ಣಯಗಳಲ್ಲಿ ಸೇರಿಸಬೇಕೆಂದು ಸಂಘದ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇವೆ.

ನಿವೃತ್ತಿಗೆ ಮೊದಲು ನಾವು ಓದಿದ ಶಾಲೆಗೇ ಮುಖ್ಯೋಪಾಧ್ಯಾಯರಾಗಿ ಬಂದಾಗ ಕಪಾಟಿನಲ್ಲಿದ್ದ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿ ನೋಡಿದೆವು. ದಾಯಿಯ ಕೈಯಲ್ಲಿ ಹುಟ್ಟಿದ ಅಕ್ಕನ ಮಗನ ಹೆಸರು ಅದರಲ್ಲಿತ್ತು. ಜನ್ಮದಿನಾಂಕ ಜೂನ್ 1. ಕಳೆದ ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಆ ಮಾತು ತೆಗೆದೆವು. ಎಂಬತ್ತು ದಾಟಿದ ಅಕ್ಕ ಅಂಗಳದ ಹೊರಸಿನ ಮೇಲೆ ಕುಳಿತಿದ್ದಳು. "ಜೂನ್ ಎಲ್ಲಿದೋ? ಶೀಗಿ ಹುಣ್ಣಿಮಿ ಮುಂದ, ಗುರುವಾರ" ಎಂದಳು. ತುಸು ಹೊತ್ತು ಬಿಟ್ಟು, "ಅದಕ್ಕಿಂತ ಮೊದಲಿಂದು, ಮಂಗಳವಾರ" ಎಂದಳು. ಆ ಕೂಸಿಗೆ ಯಾವ ಪುಸ್ತಕದಲ್ಲಿಯೂ ಹೆಸರಿಲ್ಲ.